ಪುಲ್ಲೂರಿನ ಗಡಿಯೂ ವೈರಾಣುವಿನ ದಾರಿಯೂ

2020ರ ನವೆಂಬರ್ 20ರಂದು ಅಲಂಪುರದಲ್ಲಿ ತುಂಗಭದ್ರಾ ಪುಷ್ಕರ ಆರಂಭವಾಯಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ಪರ್ವ ಡಿಸೆಂಬರ್ 1ರವರೆಗೆ ನಡೆಯಿತು. ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ದೇವಾಲಯಗಳ ಊರಿಗೆ, ಜೋಗುಳಾಂಬೆಯ ಸನ್ನಿಧಿಗೆ, ಎಂದಿನಂತೆ ಭಕ್ತರು ಬಂದರು. ಆದರೆ ಆ ವರ್ಷ ಎಲ್ಲರ ಮುಖದ ಮೇಲೂ ಮುಖಗವಸು ಇತ್ತು, ಮನದಲ್ಲಿ ಅಳುಕಿತ್ತು. ಪ್ರಾಯೋಗಿಕ ಪರೀಕ್ಷೆಗೆ ಒಪ್ಪಿದವರನ್ನು ಬಿಟ್ಟರೆ ಈ ದೇಶದಲ್ಲಿ ಅಂದು ಕೊರೊನಾ ಲಸಿಕೆ ಪಡೆದವರು ಯಾರೂ ಇರಲಿಲ್ಲ. ನೀರಿಗಿಳಿದವರು, ದಡದಲ್ಲಿ ನಿಂತವರು, ಪೂಜೆ ಮಾಡಿಸಿದವರು, ಕಾವಲಿಗಿದ್ದ ಪೊಲೀಸರು ಎಲ್ಲರೂ ವೈರಾಣುವಿನ ಕಣ್ಣಿಗೆ ಹೆಚ್ಚುಕಡಿಮೆ ಒಂದೇ.

ಆರು ತಿಂಗಳು ತುಂಬುವುದರೊಳಗೆ ಅದೇ ಸೀಮೆ ಇನ್ನೊಂದು ಕಾರಣಕ್ಕೆ ದೇಶದ ಸುದ್ದಿಯಾಯಿತು. 2021ರ ಮೇ ತಿಂಗಳಿನಲ್ಲಿ, ಎರಡನೆಯ ಅಲೆಯ ತುತ್ತತುದಿಯಲ್ಲಿ, ಅಲಂಪುರಕ್ಕೆ ಸಮೀಪದ ಪುಲ್ಲೂರು ಟೋಲ್‌ಗೇಟಿನ ಬಳಿ ತೆಲಂಗಾಣದ ಪೊಲೀಸರು ಕರ್ನೂಲಿನ ಕಡೆಯಿಂದ ಹೈದರಾಬಾದಿಗೆ ಹೊರಟಿದ್ದ ಆಂಬುಲೆನ್ಸುಗಳನ್ನು ತಡೆದರು. ಆಸ್ಪತ್ರೆಯಲ್ಲಿ ಹಾಸಿಗೆ ಕಾದಿರಿಸಿದ ದಾಖಲೆಯೂ ಸರಕಾರದ ಅನುಮತಿಯೂ ಇದ್ದವರಿಗೆ ಮಾತ್ರ ಪ್ರವೇಶವೆಂದು ಸುತ್ತೋಲೆ ಹೊರಟಿತ್ತು. ತನ್ನ ಆಸ್ಪತ್ರೆಗಳೇ ತುಂಬಿವೆಯೆಂಬುದು ಸರಕಾರದ ಸಮರ್ಥನೆ. ಮೇ 14ರಂದು ಮುಖ್ಯ ನ್ಯಾಯಮೂರ್ತಿ ಹಿಮಾ ಕೊಹ್ಲಿ ಹಾಗೂ ನ್ಯಾಯಮೂರ್ತಿ ಬಿ. ವಿಜಯಸೇನ ರೆಡ್ಡಿ ಅವರ ಪೀಠ ಆ ಸುತ್ತೋಲೆಗೆ ತಡೆ ನೀಡಿತು. ಹೆದ್ದಾರಿ ತೆರೆಯಿತು. ವೈರಾಣುವಾದರೋ ಯಾವ ಆಜ್ಞೆಗೂ ಕಾಯದೆ ಅದಾಗಲೇ ಗಡಿಯ ಎರಡೂ ಬದಿಯ ಊರುಗಳನ್ನು ಹೊಕ್ಕಿತ್ತು.

ಗಡಿಯಲ್ಲಿ ಬದುಕುವವರಿಗೆ ಈ ಎರಡು ಚಿತ್ರಗಳು ಸುಲಭದಲ್ಲಿ ಮರೆಯುವಂಥವಲ್ಲ. ಮಗಳನ್ನು ರಾಯಚೂರಿಗೆ ಕೊಟ್ಟು, ಮಗನನ್ನು ಹೈದರಾಬಾದಿಗೆ ದುಡಿಮೆಗೆ ಕಳುಹಿಸಿ, ಸಂತೆಗೆ ಕರ್ನೂಲಿಗೆ ಹೋಗಿಬರುವ ಕುಟುಂಬಗಳಿಗೆ ರಾಜ್ಯದ ಗಡಿ ದಿನನಿತ್ಯ ದಾಟುವ ಹೊಸ್ತಿಲು. ಆ ಹೊಸ್ತಿಲಲ್ಲಿ ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು, ಲಸಿಕೆ ಪಡೆದವನು ನಿರಪಾಯಕಾರಿಯೇ, ಪಡೆಯದವನು ಅಪಾಯಕಾರಿಯೇ ಎಂಬ ಪ್ರಶ್ನೆಗಳು ಮುಂದಿನ ಎರಡು ವರ್ಷ ಸರಕಾರಗಳನ್ನೂ ನ್ಯಾಯಾಲಯಗಳನ್ನೂ ಕಾಡಿದವು. ಮನೆಯ ಪಡಸಾಲೆಯಲ್ಲಿ ಅದೇ ಪ್ರಶ್ನೆ ಬೇರೆ ಮಾತಿನಲ್ಲಿ ಕೇಳಿಬಂದಿತು: “ಎರಡು ಸೂಜಿ ಮಾಡಿಸಿಕೊಂಡವನಿಗೂ ಬಂತಲ್ಲ, ಹಾಗಿದ್ದ ಮೇಲೆ ಮಾಡಿಸಿಕೊಂಡು ಏನು ಬಂತು?” ಈ ಮಾತು ಕೊರೊನಾದೊಂದಿಗೇ ಮುಗಿದಿದ್ದರೆ ಇಲ್ಲಿ ಚರ್ಚೆಗೆ ಕಾರಣವಿರಲಿಲ್ಲ. ಮುಗಿಯಲಿಲ್ಲ. ಕೂಸಿಗೆ ದಡಾರದ ಲಸಿಕೆ ಹಾಕಿಸಲು ಬಂದ ಆಶಾ ಕಾರ್ಯಕರ್ತೆಯ ಎದುರಿಗೂ ಅದೇ ಮಾತು ಬರುತ್ತಿದೆ. ಆದುದರಿಂದ ಅದನ್ನು ತಾಳ್ಮೆಯಿಂದ ಬಿಡಿಸಿ ನೋಡುವುದು ಅಗತ್ಯ.

ಲಸಿಕೆ ಪಡೆದವರಿಗೂ ಸೋಂಕು ತಗಲಿತೆಂಬುದು ಸುಳ್ಳಲ್ಲ. 2021ರ ನವೆಂಬರಿನಲ್ಲಿ ಧಾರವಾಡದ ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ಬೆನ್ನಿಗೇ 280ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹಾಗೂ ಸಿಬ್ಬಂದಿಗೆ ಸೋಂಕು ದೃಢಪಟ್ಟಿತು. ಅವರಲ್ಲಿ ಬಹುಪಾಲು ಜನ ಎರಡೂ ಡೋಸ್ ಪಡೆದವರು. ಮುಂದಿನ ವಾರವೇ, ಡಿಸೆಂಬರ್ 2ರಂದು, ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಿಂದ ಪ್ರಕಟವಾದವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದ ಪ್ರಯಾಣಿಕರು. ಇನ್ನೊಬ್ಬರು ವಿದೇಶ ಪ್ರಯಾಣವನ್ನೇ ಮಾಡದ ಸ್ಥಳೀಯ ವೈದ್ಯರು. ಇಬ್ಬರೂ ಪೂರ್ಣ ಲಸಿಕೆ ಪಡೆದವರೇ. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಪ್ರಾವಿನ್ಸ್‌ಟೌನ್ ಎಂಬ ಕಡಲತೀರದ ಊರಿನಲ್ಲಿ ಉತ್ಸವಗಳಿಗೆ ಜನ ಸೇರಿದ ಮೇಲೆ, ಆ ರಾಜ್ಯದ ನಿವಾಸಿಗಳಲ್ಲಿ ಪತ್ತೆಯಾದ 469 ಪ್ರಕರಣಗಳ ಪೈಕಿ 346 ಪೂರ್ಣ ಲಸಿಕೆ ಪಡೆದವರವು. ಅಮೆರಿಕದ ಆರೋಗ್ಯ ಇಲಾಖೆ ಲಸಿಕೆ ಪಡೆದವರಿಗೂ ಮತ್ತೆ ಮುಖಗವಸು ತೊಡುವಂತೆ ಹೇಳಬೇಕಾಯಿತು.

ಇಷ್ಟನ್ನು ಮಾತ್ರ ಓದಿದವರು ಲಸಿಕೆ ಸೋತಿತೆಂದು ತೀರ್ಮಾನಿಸುವುದು ಸಹಜ. ಆದರೆ ಧಾರವಾಡದ ಸೋಂಕಿತರಲ್ಲಿ ಬಹುತೇಕರಿಗೆ ಲಕ್ಷಣಗಳೇ ಇರಲಿಲ್ಲ, ಇಲ್ಲವೇ ಸೌಮ್ಯವಾಗಿದ್ದವು. ಪ್ರಾವಿನ್ಸ್‌ಟೌನಿನ ಆ 469 ಜನರಲ್ಲಿ ಮೊದಲ ವರದಿಯ ಹೊತ್ತಿಗೆ ಆಸ್ಪತ್ರೆ ಸೇರಿದವರು ಐವರು. ಸತ್ತವರು ಒಬ್ಬರೂ ಇಲ್ಲ. ಸೋಂಕು ತಗಲುವುದು ಒಂದು, ಕಾಯಿಲೆ ಬೀಳುವುದು ಇನ್ನೊಂದು, ಸಾಯುವುದು ಮತ್ತೊಂದು, ಪಕ್ಕದವರಿಗೆ ಹರಡುವುದು ಮಗದೊಂದು. ಈ ನಾಲ್ಕನ್ನೂ “ಬಂತು” ಎಂಬ ಒಂದೇ ಮಾತಿನಲ್ಲಿ ಕಟ್ಟಿದಾಗ ಗೊಂದಲ ಹುಟ್ಟುತ್ತದೆ.

ಈ ಭೇದವನ್ನು ತಿಳಿಯಲು ಹಳೆಯ ಊರೊಂದನ್ನು ನೆನೆದರೆ ಸಾಕು. ಊರಿಗೆ ಅಗಸಿ ಬಾಗಿಲು, ಒಳಗೆ ವಾಡೆ. ಮನುಷ್ಯನ ದೇಹಕ್ಕೆ ಮೂಗು ಮತ್ತು ಗಂಟಲು ಅಗಸಿ ಇದ್ದಂತೆ. ಶ್ವಾಸಕೋಶ ವಾಡೆ ಇದ್ದಂತೆ. ತೋಳಿಗೆ ಚುಚ್ಚಿದ ಲಸಿಕೆ ರಕ್ತದಲ್ಲಿ ಪ್ರತಿಕಾಯಗಳನ್ನು ತುಂಬುತ್ತದೆ, ಶತ್ರುವಿನ ಗುರುತನ್ನು ನೆನಪಿಡುವ ಕಣಗಳನ್ನು ಸಿದ್ಧಗೊಳಿಸುತ್ತದೆ. ಇವು ವಾಡೆಯ ಕಾವಲಿನವು. ಅಗಸಿಯಲ್ಲಿ, ಅಂದರೆ ಮೂಗಿನ ಒಳಪೊರೆಯಲ್ಲಿ, ನಿಲ್ಲಬೇಕಾದ ಪ್ರತಿಕಾಯಗಳು ಬೇರೆ ಬಗೆಯವು; ತೋಳಿನ ಲಸಿಕೆಯಿಂದ ಅವು ಹೆಚ್ಚಾಗಿ ಹುಟ್ಟವು. ಹೊಸದಾಗಿ ಲಸಿಕೆ ಪಡೆದವನ ರಕ್ತದಲ್ಲಿ ಪ್ರತಿಕಾಯಗಳು ಸಮೃದ್ಧವಾಗಿರುವಾಗ ಒಂದಿಷ್ಟು ಕಾವಲು ಅಗಸಿಗೂ ಬಂದು ನಿಲ್ಲುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಅದು ತೆಳುವಾಗುತ್ತದೆ. ಆಗ ವೈರಾಣು ಅಗಸಿಯನ್ನು ಹೊಕ್ಕು ಎರಡು ಮೂರು ದಿನ ಗದ್ದಲ ಮಾಡಬಲ್ಲದು. ವಾಡೆಯತ್ತ ನುಗ್ಗುವಾಗ ಮಾತ್ರ ಎಚ್ಚೆತ್ತ ಪಡೆಗೆ ಸಿಕ್ಕಿಬೀಳುತ್ತದೆ. ಆದ್ದರಿಂದಲೇ ಲಸಿಕೆ ಪಡೆದವನಿಗೆ ನೆಗಡಿ, ಜ್ವರ ಬಂದರೂ ಉಸಿರಿಗೆ ಆಮ್ಲಜನಕ ಹುಡುಕುವ ಪ್ರಸಂಗ ವಿರಳವಾಯಿತು.

ಇದಕ್ಕೆ ಕಾಲದ ಲೆಕ್ಕವೂ ಸೇರಿದೆ. ಸಿಡುಬು, ದಡಾರಗಳ ವೈರಾಣುಗಳು ದೇಹ ಹೊಕ್ಕ ಮೇಲೆ ರಕ್ತದ ಮೂಲಕ ಸಂಚರಿಸಿ ರೋಗವಾಗಿ ತೋರಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟರಲ್ಲಿ ನೆನಪಿನ ಕಣಗಳು ಎದ್ದು ದಂಡು ಕೂಡಿಸುತ್ತವೆ. ವೈರಾಣು ಮತ್ತೊಬ್ಬರಿಗೆ ದಾಟುವ ಮುನ್ನವೇ ಅಡಗುತ್ತದೆ. ಕೊರೊನಾ ವೈರಾಣುವಿಗೆ ಅಷ್ಟು ಕಾಲ ಬೇಡ. ಎರಡರಿಂದ ಐದು ದಿನದೊಳಗೆ ಅದು ಮೂಗಿನಲ್ಲಿಯೇ ಬೆಳೆದು, ಕೆಮ್ಮು, ಮಾತು, ಉಸಿರುಗಳ ಮೂಲಕ ಮುಂದಿನ ಮನೆ ಸೇರಬಲ್ಲದು. ದಂಡು ಕೂಡುವ ಹೊತ್ತಿಗೆ ಕಳ್ಳ ಅಗಸಿ ದಾಟಿ ಹೊರಗೆ ಹೋಗಿರುತ್ತಾನೆ. ಸಿಡುಬಿನ ಲಸಿಕೆ ರೋಗವನ್ನೇ ಭೂಮಿಯಿಂದ ಅಳಿಸಿತು. 1980ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸಾರಿತು. ಕೊರೊನಾ ಲಸಿಕೆ ಜೀವ ಉಳಿಸಿತೇ ಹೊರತು ವೈರಾಣುವನ್ನು ಅಳಿಸಲಾರದೆ ಹೋಯಿತು. ಈ ಅಂತರಕ್ಕೆ ಲಸಿಕೆಯ ಗುಣವೊಂದೇ ಅಲ್ಲ, ರೋಗದ ನಡೆಯೂ ಕಾರಣ. ಅಗಸಿಯ ಕಾವಲನ್ನೇ ಬಲಪಡಿಸುವ ಉದ್ದೇಶದಿಂದ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ಮೂಗಿಗೆ ಹಾಕುವ ಲಸಿಕೆಯೊಂದನ್ನು ಸಿದ್ಧಪಡಿಸಿ 2023ರ ಜನವರಿ 26ರಂದು ಬಿಡುಗಡೆ ಮಾಡಿತು.

ಇನ್ನು ಎಣಿಕೆಯ ಮಾತು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಲಸಿಕೆ ಪಡೆದವರೇ ಎಂಬ ಸುದ್ದಿ ಓದಿ ಬೆಚ್ಚಿದವರು ಅನೇಕರು. ಕನ್ನಡ ಶಾಲೆಯ ಏಳನೆಯ ತರಗತಿಯ ಮಗು ಕೂಡ ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಬಲ್ಲದು. ಸಾವಿರ ಜನರ ಊರೊಂದನ್ನು ಕಲ್ಪಿಸಿಕೊಳ್ಳಬೇಕು. ಅದರಲ್ಲಿ 900 ಮಂದಿ ಲಸಿಕೆ ಪಡೆದವರು, 100 ಮಂದಿ ಪಡೆಯದವರು. ಅಲೆಯೊಂದು ಬಂದು, ಲಸಿಕೆ ಪಡೆಯದವರಲ್ಲಿ ನೂರಕ್ಕೆ 40 ಮಂದಿಗೆ, ಪಡೆದವರಲ್ಲಿ ನೂರಕ್ಕೆ 20 ಮಂದಿಗೆ ಸೋಂಕು ತಗಲಿತೆನ್ನೋಣ. ಆಗ ಮೊದಲ ಗುಂಪಿನಲ್ಲಿ 40 ಜನ, ಎರಡನೆಯ ಗುಂಪಿನಲ್ಲಿ 180 ಜನ ಸೋಂಕಿತರು. ಒಟ್ಟು 220ರಲ್ಲಿ 180 ಮಂದಿ ಲಸಿಕೆ ಪಡೆದವರು, ಅಂದರೆ ನೂರಕ್ಕೆ ಸುಮಾರು 82. ಸುದ್ದಿಯ ತಲೆಬರಹ ಈ 82ನ್ನು ಎತ್ತಿ ಹಿಡಿಯುತ್ತದೆ. ಆದರೆ ಒಬ್ಬೊಬ್ಬನ ಅಪಾಯ ಅರ್ಧಕ್ಕಿಳಿದದ್ದು ಆ ತಲೆಬರಹದಲ್ಲಿ ಕಾಣದು. ಅದೇ ಊರಿನಲ್ಲಿ ಎರಡೂ ಗುಂಪುಗಳಿಂದ ನಾಲ್ಕು ನಾಲ್ಕು ಜನ ಆಸ್ಪತ್ರೆ ಸೇರಿದರೆ ಹಾಸಿಗೆಗಳ ಸಾಲಿನಲ್ಲಿ ಸರಿಸಮವೆಂದೇ ತೋರುತ್ತದೆ. ನೂರರಲ್ಲಿ ನಾಲ್ವರೆಲ್ಲಿ, ಒಂಬೈನೂರರಲ್ಲಿ ನಾಲ್ವರೆಲ್ಲಿ! ಅಪಾಯ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಊರಿನವರೆಲ್ಲರೂ ಲಸಿಕೆ ಪಡೆದರೆ ಕಾಯಿಲೆ ಬೀಳುವವರೆಲ್ಲರೂ ಲಸಿಕೆ ಪಡೆದವರೇ ಆಗಿರುತ್ತಾರೆ. ಬೇರೆಯವರು ಅಲ್ಲಿ ಇಲ್ಲವೇ ಇಲ್ಲ.

ಹರಡುವಿಕೆಯ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಡೆಲ್ಟಾ ರೂಪಾಂತರಿಯ ಕಾಲದಲ್ಲಿ ಬ್ರಿಟನ್ನಿನ ಸಂಶೋಧಕರು ಸೋಂಕಿತರ ಮನೆಗಳಲ್ಲಿಯೇ ಅಧ್ಯಯನ ನಡೆಸಿ 2021ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಮನೆಯಲ್ಲಿ ಒಬ್ಬರಿಗೆ ಸೋಂಕು ಬಂದಾಗ, ಲಸಿಕೆ ಪಡೆಯದ ಸದಸ್ಯರಲ್ಲಿ ನೂರಕ್ಕೆ 38 ಮಂದಿಗೆ, ಪಡೆದವರಲ್ಲಿ 25 ಮಂದಿಗೆ ತಗಲಿತು. ಇದು ಲಸಿಕೆಯ ಪರವಾದ ಸಾಕ್ಷ್ಯ. ಅದೇ ಅಧ್ಯಯನದ ಇನ್ನೊಂದು ಮುಖ: ಒಮ್ಮೆ ಸೋಂಕಿತನಾದ ಮೇಲೆ, ಲಸಿಕೆ ಪಡೆದವನ ಮೂಗಿನಲ್ಲಿದ್ದ ವೈರಾಣುವಿನ ಗರಿಷ್ಠ ಪ್ರಮಾಣ ಪಡೆಯದವನಷ್ಟೇ ಇತ್ತು, ಅವನಿಂದ ಮನೆಯವರಿಗೆ ಹರಡಿದ ಪ್ರಮಾಣವೂ ಬಹುತೇಕ ಸಮ. ವ್ಯತ್ಯಾಸ ಉಳಿದದ್ದು ಅವಧಿಯಲ್ಲಿ. ಲಸಿಕೆ ಪಡೆದವನ ದೇಹ ವೈರಾಣುವನ್ನು ಬೇಗ ಹೊರಹಾಕಿತು. ಸಾಕ್ಷ್ಯದ ಎರಡೂ ಮುಖಗಳನ್ನು ಮುಂದಿಟ್ಟು ಹೇಳುವುದಾದರೆ, ಲಸಿಕೆ ಪಡೆದವನಿಗೆ ಸೋಂಕು ತಗಲುವ ಸಂಭವ ಕಡಿಮೆ, ಸೋಂಕಿತನಾಗಿ ಇರುವ ದಿನಗಳೂ ಕಡಿಮೆ. ಆದರೆ ಸೋಂಕಿತನಾದ ದಿನಗಳಲ್ಲಿ ಅವನೂ ಹರಡಬಲ್ಲ.

ಈ ಅಲ್ಪ ವ್ಯತ್ಯಾಸದಿಂದ ಏನಾದೀತು ಎಂದು ಕೇಳುವವರಿಗೆ ಗುಣಾಕಾರವೇ ಉತ್ತರ. ಒಬ್ಬನಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ಹರಡುತ್ತಾ ಹೋದರೆ ಹತ್ತನೆಯ ಸರದಿಯಲ್ಲಿ ಸೋಂಕಿತರು 1024. ಅದೇ ಒಬ್ಬನಿಂದ ಸರಾಸರಿ ಒಂದೂವರೆ ಮಂದಿಗೆ ಹರಡಿದರೆ ಹತ್ತನೆಯ ಸರದಿಯಲ್ಲಿ ಸುಮಾರು 58. ಹಾಸಿಗೆಗಳೇ ವಿರಳವಾಗಿರುವ ಜಿಲ್ಲೆಗೆ ಈ ಅಂತರ ಬದುಕು ಸಾವುಗಳ ಅಂತರ. ಪುಲ್ಲೂರಿನಲ್ಲಿ ಆಂಬುಲೆನ್ಸುಗಳು ಸಾಲುಗಟ್ಟಿದ ದಿನಗಳಲ್ಲಿ ದೇಶದಲ್ಲಿ ಎರಡೂ ಡೋಸ್ ಪಡೆದವರು ಅತ್ಯಲ್ಪ. ಹದಿನೆಂಟು ದಾಟಿದವರಿಗೆಲ್ಲ ಲಸಿಕೆಯ ಬಾಗಿಲು ತೆರೆದದ್ದೇ ಆ ಮೇ 1ರಂದು. ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಅಂದು ದಾಖಲಾದವು. 2022ರ ಜನವರಿಯ ಓಮಿಕ್ರಾನ್ ಅಲೆಯಲ್ಲಿಯೂ ದಿನಕ್ಕೆ 3 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಂದವು. ಆದರೆ ಆ ಸಾಲು, ಆ ಹಾಹಾಕಾರ ಮರುಕಳಿಸಲಿಲ್ಲ. ಓಮಿಕ್ರಾನ್ ಸೌಮ್ಯವಾಗಿದ್ದುದೂ, ಅಷ್ಟರಲ್ಲಿ ಜನರಿಗೆ ಲಸಿಕೆಯಿಂದ ಹಾಗೂ ಹಿಂದಿನ ಸೋಂಕಿನಿಂದ ಬಂದಿದ್ದ ರಕ್ಷಣೆಯೂ ಇದಕ್ಕೆ ಒಟ್ಟಾಗಿ ಕಾರಣವಾದವು.

ಹಿಂದಿನ ಸೋಂಕಿನ ಮಾತು ಬಂದುದರಿಂದ ಮಕ್ಕಳ ವಿಷಯವನ್ನೂ ಹೇಳಬೇಕು. 2021ರ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ನಾಲ್ಕನೆಯ ರಕ್ತ ಸಮೀಕ್ಷೆಯಲ್ಲಿ, ಆರರಿಂದ ಒಂಬತ್ತು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 57.2, ಹತ್ತರಿಂದ ಹದಿನೇಳರವರಲ್ಲಿ ನೂರಕ್ಕೆ 61.6 ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡವು. ಅವರಲ್ಲಿ ಯಾರಿಗೂ ಆಗ ಲಸಿಕೆ ಇರಲಿಲ್ಲ. ಶಾಲೆಗಳೂ ಬಹುಕಾಲ ಮುಚ್ಚಿದ್ದವು. ಶಾಲೆಗೆ ಬೀಗ ಬಿದ್ದರೂ ವೈರಾಣು ಹಿರಿಯರ ಉಸಿರಿನೊಂದಿಗೆ ಮನೆಯ ಒಳಗೇ ಬಂದು ಮಕ್ಕಳನ್ನು ಕಂಡುಹೋಗಿತ್ತು. ಲಸಿಕೆ ಪಡೆದವರು, ಪಡೆಯದವರು ಎಂಬ ಎರಡೇ ಗೂಡುಗಳಲ್ಲಿ ಜನರನ್ನು ಕೂಡಿಹಾಕುವುದು ಅಸಮರ್ಪಕವೆಂಬುದಕ್ಕೆ ಈ ಸಮೀಕ್ಷೆಯೂ ಸಾಕ್ಷಿ. ಪಡೆಯದವರಲ್ಲಿಯೂ ಸೋಂಕಿನಿಂದ ಗೆದ್ದು ಒಂದಿಷ್ಟು ರಕ್ಷಣೆ ಗಳಿಸಿದವರಿದ್ದರು; ಪಡೆದವರಲ್ಲಿಯೂ ರಕ್ಷಣೆ ಸವೆದವರಿದ್ದರು.

ಕಾನೂನಿಗೆ ಇಲ್ಲಿಯೇ ಕಷ್ಟ ಎದುರಾಯಿತು. ಆಜ್ಞೆಗೆ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರ ಬೇಕು. ವೈರಾಣು ನಡೆಯುವುದು ಹೆಚ್ಚು ಕಡಿಮೆಗಳ ಲೆಕ್ಕದಲ್ಲಿ. 2021ರ ಜುಲೈ 31ರಂದು ಕರ್ನಾಟಕ ಸರಕಾರ ಕೇರಳದಿಂದ ಬರುವವರು, ಎರಡು ಡೋಸ್ ಪಡೆದಿದ್ದರೂ, 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕೆಂದು ಆಜ್ಞಾಪಿಸಿತು. ಮಂಗಳೂರನ್ನೇ ನಂಬಿದ ಕಾಸರಗೋಡಿನ ಕನ್ನಡಿಗರು ತಲಪಾಡಿಯಲ್ಲಿ ಮತ್ತೆ ಪರದಾಡಿದರು. ಅಲ್ಲಿ ಲಸಿಕೆಗೆ ಬೆಲೆಯೇ ಇಲ್ಲವಾಯಿತು. ಇನ್ನೊಂದೆಡೆ ಕೆಲವು ರಾಜ್ಯಗಳಲ್ಲಿ ಲಸಿಕೆ ಪಡೆಯದವರಿಗೆ ರೈಲು, ಮಳಿಗೆ, ಕಚೇರಿಗಳ ಪ್ರವೇಶವನ್ನೇ ನಿರಾಕರಿಸಲಾಯಿತು. ಅಲ್ಲಿ ಲಸಿಕೆಯೇ ಸರ್ವಸ್ವವಾಯಿತು. ಒಂದು ಆಜ್ಞೆ ವ್ಯತ್ಯಾಸವನ್ನು ಕಾಣಲಿಲ್ಲ, ಇನ್ನೊಂದು ಇಲ್ಲದಷ್ಟು ವ್ಯತ್ಯಾಸವನ್ನು ಕಂಡಿತು.

ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಹಾಗೂ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 2022ರ ಮೇ 2ರಂದು ನೀಡಿದ ತೀರ್ಪು ಈ ಗಂಟನ್ನು ಬಿಡಿಸಲು ಯತ್ನಿಸಿತು. ಸಂವಿಧಾನದ 21ನೆಯ ವಿಧಿಯ ಅಡಿ ದೇಹದ ಮೇಲಿನ ಹಕ್ಕು ವ್ಯಕ್ತಿಯದೇ. ಯಾರಿಗೂ ಬಲಾತ್ಕಾರವಾಗಿ ಲಸಿಕೆ ಹಾಕುವಂತಿಲ್ಲ. ಆದರೆ ಸಮುದಾಯದ ಆರೋಗ್ಯಕ್ಕಾಗಿ ಸರಕಾರ ಹಕ್ಕುಗಳಿಗೆ ಮಿತಿ ವಿಧಿಸಬಹುದು. ಆ ಮಿತಿಗೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕ ಪ್ರಮಾಣ ಮೂರೂ ಇರಬೇಕು. ಈ ಅಳತೆಗೋಲು ದೊರೆತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಖಾಸಗಿತನದ ಮೊಕದ್ದಮೆಯ 2017ರ ತೀರ್ಪಿನಿಂದ. ಲಸಿಕೆ ಪಡೆಯದವರಿಂದ ಸೋಂಕು ಹರಡುವ ಅಪಾಯ ಪಡೆದವರಿಗಿಂತ ಹೆಚ್ಚೆಂದು ತೋರಿಸುವ ಅಂಕಿಅಂಶವನ್ನು ಸರಕಾರಗಳು ಮುಂದಿಡಲಿಲ್ಲವಾದ ಕಾರಣ, ಸೋಂಕು ಕಡಿಮೆ ಇರುವತನಕ ಅವರ ಮೇಲಿನ ನಿರ್ಬಂಧಗಳನ್ನು ಮರುಪರಿಶೀಲಿಸಬೇಕೆಂದು ಪೀಠ ಸೂಚಿಸಿತು.

ಈ ತೀರ್ಪನ್ನು ತಿರುಚಿ ಓದಿದವರು ಅನೇಕರು. “ಲಸಿಕೆಯಿಂದ ಉಪಯೋಗವಿಲ್ಲವೆಂದು ಕೋರ್ಟೇ ಹೇಳಿತು” ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ನ್ಯಾಯಾಲಯ ಹಾಗೆ ಹೇಳಲಿಲ್ಲ. ಸರಕಾರದ ಲಸಿಕಾ ನೀತಿಯನ್ನು ಅದು ಅಸಮಂಜಸವೆನ್ನಲಿಲ್ಲ. ಮಕ್ಕಳಿಗೆ ಲಸಿಕೆ ಕೊಡುವ ನಿರ್ಧಾರವನ್ನೂ ಎತ್ತಿಹಿಡಿಯಿತು. ಲಸಿಕೆಯ ಅಡ್ಡಪರಿಣಾಮಗಳನ್ನು ಜನರು ತಾವೇ ವರದಿ ಮಾಡುವ ವ್ಯವಸ್ಥೆ ಇರಲಿ, ಪರೀಕ್ಷೆಗಳ ಫಲಿತಾಂಶ ಬಹಿರಂಗವಾಗಲಿ ಎಂದಿತು. ತನ್ನ ಸೂಚನೆ ಆ ಹೊತ್ತಿನ ಪರಿಸ್ಥಿತಿಗೆ ಮಾತ್ರ ಸೀಮಿತವೆಂದೂ ಸ್ಪಷ್ಟಪಡಿಸಿತು. ಸಾಕ್ಷ್ಯ ಒದಗದೆ ಮೊಕದ್ದಮೆಯ ಒಂದು ಅಂಶ ಬಿದ್ದುಹೋಗುವುದಕ್ಕೂ ಸತ್ಯವೇ ಬಿದ್ದುಹೋಗುವುದಕ್ಕೂ ಇರುವ ಅಂತರವನ್ನು ಕೋರ್ಟಿನ ಮೆಟ್ಟಿಲು ಹತ್ತಿದ ರೈತನೂ ಬಲ್ಲ.

ಕೊರೊನಾದ ಅನುಭವವನ್ನು ದಡಾರಕ್ಕೆ ಅನ್ವಯಿಸುವವರು ಮಾಡುವ ತಪ್ಪು ದೊಡ್ಡದು. ರಕ್ಷಣೆಯೇ ಇಲ್ಲದ ಸಮುದಾಯದಲ್ಲಿ ದಡಾರದ ಒಬ್ಬ ರೋಗಿ ಹನ್ನೆರಡರಿಂದ ಹದಿನೆಂಟು ಮಂದಿಗೆ ರೋಗ ಹರಡಬಲ್ಲ. ಅದರ ಲಸಿಕೆಯಾದರೋ ಮತ್ತೊಬ್ಬರಿಗೆ ದಾಟುವ ಮುನ್ನವೇ ಶತ್ರುವನ್ನು ತಡೆಯುವಂಥದ್ದು. ಎರಡು ಡೋಸ್ ಪಡೆದವರಲ್ಲಿ ನೂರಕ್ಕೆ ಸುಮಾರು 97 ಮಂದಿಗೆ ರಕ್ಷಣೆ. ಊರಿನ ನೂರರಲ್ಲಿ 95 ಮಂದಿಗೆ ಈ ರಕ್ಷಣೆ ಇದ್ದರೆ ವೈರಾಣುವಿಗೆ ದಾರಿ ಕಡಿಯುತ್ತದೆ; ಲಸಿಕೆಯ ವಯಸ್ಸಾಗದ ಎಳೆಯ ಕೂಸೂ ಸುತ್ತಲಿನವರ ಮರೆಯಲ್ಲಿ ಉಳಿಯುತ್ತದೆ. ಮಹಾಮಾರಿಯ ಕಾಲದಲ್ಲಿ ಈ ಮರೆ ಹರಿಯಿತು. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 2.5 ಕೋಟಿ ಮಕ್ಕಳು ವಾಡಿಕೆಯ ಲಸಿಕೆಯ ಡೋಸ್‌ಗಳನ್ನು ತಪ್ಪಿಸಿಕೊಂಡರು. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿ ಮುಂತಾದ ಕೇರಿಗಳಲ್ಲಿ ದಡಾರ ಎದ್ದು ಮಕ್ಕಳನ್ನು ಬಲಿ ತೆಗೆದುಕೊಂಡಿತು.

ಮುಂಬಯಿ ಪಾಲಮೂರು ಸೀಮೆಗೆ ದೂರದ ಊರಲ್ಲ. ಮಕ್ತಲ್, ನಾರಾಯಣಪೇಟೆ, ಗದ್ವಾಲಗಳಿಂದ ದುಡಿಯಲು ಹೋಗುವ ಕುಟುಂಬಗಳು ತಲೆಮಾರುಗಳಿಂದ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳ ದಾರಿ ಹಿಡಿದಿವೆ. ಲಸಿಕೆ ತಪ್ಪುವುದು ಬಹುತೇಕ ಈ ದಾರಿಯಲ್ಲಿಯೇ. ಊರಿನಲ್ಲಿ ಮೊದಲ ಡೋಸ್ ಆದ ಕೂಸು ಎರಡನೆಯದರ ಹೊತ್ತಿಗೆ ಕಟ್ಟಡ ಕೆಲಸದ ಗುಡಿಸಲಿನಲ್ಲಿರುತ್ತದೆ. ಅಂಥ ತಾಯಿತಂದೆಯರು ತಿಳಿಯಬೇಕಾದುದು ಇಷ್ಟು: ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ, ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ. ಯಾವ ರಾಜ್ಯದ ಸರಕಾರಿ ಆರೋಗ್ಯ ಕೇಂದ್ರದಲ್ಲಿಯೂ ಅದು ಉಚಿತ. ಒಂದು ರಾಜ್ಯದಲ್ಲಿ ಪಡೆದ ಡೋಸ್ ಇನ್ನೊಂದು ರಾಜ್ಯದಲ್ಲಿ ಲೆಕ್ಕಕ್ಕೆ ಬರುತ್ತದೆ. ತಡವಾದರೆ ಕೈಬಿಟ್ಟಂತಲ್ಲ, ಕೇಂದ್ರದಲ್ಲಿ ವಿಚಾರಿಸಿ ಉಳಿದುದನ್ನು ಪೂರೈಸಬಹುದು.

ಆದ್ದರಿಂದ ಊರು ಬಿಡುವಾಗ ರೇಷನ್ ಕಾರ್ಡು, ಆಧಾರಗಳನ್ನು ಕಟ್ಟಿಕೊಳ್ಳುವ ಗಂಟಿನಲ್ಲಿ ತಾಯಿ-ಮಗುವಿನ ಕಾರ್ಡೂ ಇರಲಿ. ಗದ್ವಾಲದ ನರ್ಸಮ್ಮ ತೆಲುಗಿನಲ್ಲಿ ಬರೆದಿರಬಹುದು, ರಾಯಚೂರಿನವರು ಕನ್ನಡದಲ್ಲಿ, ಮುಂಬಯಿಯವರು ಮರಾಠಿಯಲ್ಲಿ. ಡೋಸಿನ ತಾರೀಖಿನ ಅಂಕಿಗಳನ್ನು ಮೂವರೂ ಓದಬಲ್ಲರು.